ಸ್ಪಿರಿಟ್ ಒಲೆ, ಹಾಯಿದೋಣಿ, ಎರಡು ಲೋಟ ಚಹಾ: ಒಂದು ಪ್ರಕರಣ ಅಧ್ಯಯನ

ಜಾಗ: ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿ. ದೋಣಿ: ಕ್ಯಾಟಲೀನಾ 27, ಅಂದರೆ 26 ಅಡಿ 10 ಇಂಚು ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿ. 1971ರಲ್ಲಿ ಶುರುವಾಗಿ ಆರು ಸಾವಿರಕ್ಕೂ ಹೆಚ್ಚು ತಯಾರಾದ ಮಾದರಿ ಇದು. ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮಾಲೀಕರು ಮೇರಿಲ್ಯಾಂಡಿನಲ್ಲಿ ನೆಲೆಸಿದ ಒಬ್ಬ ಕನ್ನಡ ದಂಪತಿ. ಅಡುಗೆಕಟ್ಟೆಯಲ್ಲಿ ದೋಣಿಯಷ್ಟೇ ವಯಸ್ಸಾದ, ಎರಡು ಬರ್ನರ್‌ಗಳ, ಪಂಪು ಹೊಡೆದು ಉರಿಸುವ ಸ್ಪಿರಿಟ್ ಒಲೆ. ಇದು ಯಾರದೋ ಮನೆಯ ವರದಿಯಲ್ಲ. ಇಂಥ ಒಲೆಗಳಲ್ಲಿ ಪದೇ ಪದೇ ಆಗುವ ಎಡವಟ್ಟುಗಳನ್ನು ಒಂದೇ ದೋಣಿಯ ಒಂದೇ ಬೆಳಗಿಗೆ ಹೊಂದಿಸಿಕೊಂಡ ಮಾದರಿ ಪ್ರಕರಣ.

ಅಕ್ಟೋಬರ್ ತಿಂಗಳು, ಬೆಳಗಿನ ಎಂಟು ಗಂಟೆ. ಲಂಗರು ಹಾಕಿದ ದೋಣಿ, ಕ್ಯಾಬಿನ್ ಒಳಗೆ 8 ಡಿಗ್ರಿ. ಎರಡು ಲೋಟ ಚಹಾ ಆಗಬೇಕು.

ಆ ಒಲೆ ಕೆಲಸ ಮಾಡುವ ಬಗೆ

ಊರಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೋವ್ ಹಚ್ಚಿದವರಿಗೆ ಇದರ ಒಳಗುಟ್ಟು ಹೊಸದಲ್ಲ. ಟ್ಯಾಂಕಿನಲ್ಲಿ ಸ್ಪಿರಿಟ್, ಕೈಪಂಪಿನಿಂದ ತುಂಬಿದ ಗಾಳಿಯ ಒತ್ತಡ, ಅಲ್ಲಿಂದ ಸಣ್ಣ ಕೊಳವೆಯಲ್ಲಿ ಬರ್ನರ್‌ವರೆಗೆ ದ್ರವ. ಬರ್ನರ್ ಮೊದಲೇ ಕಾದಿದ್ದರೆ ದ್ರವ ಒಳಗೇ ಆವಿಯಾಗಿ, ಸೂಜಿರಂಧ್ರದಿಂದ ಹೊರಬಂದು ನೀಲಿಯಾಗಿ ಉರಿಯುತ್ತದೆ. ಕಾದಿರದಿದ್ದರೆ ದ್ರವ ದ್ರವವಾಗಿಯೇ ಚಿಮ್ಮುತ್ತದೆ. ಅದಕ್ಕೇ ಹಚ್ಚುವ ಮುಂಚೆ ಬರ್ನರ್ ಕೆಳಗಿನ ಪುಟ್ಟ ಬಟ್ಟಲಿಗೆ ಒಂದು ದೊಡ್ಡ ಚಮಚದಷ್ಟು, ಸುಮಾರು 15 ಮಿ.ಲೀ. ಸ್ಪಿರಿಟ್ ಬಿಟ್ಟು, ಹೊತ್ತಿಸಿ, ಅದು ಬಹುಪಾಲು ಉರಿದು ಮುಗಿಯುವವರೆಗೆ ಕಾಯಬೇಕು.

ಪಂಪ್ ಸ್ಟೋವಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ, ಆದರೆ ಅದೇ ದೊಡ್ಡದು. ಅಲ್ಲಿ ಕಾಯಿಸಲು ಬಟ್ಟಲಿಗೆ ಹಾಕುವ ಸ್ಪಿರಿಟ್ ಬೇರೆ ಸೀಸೆಯಿಂದ, ಅಳೆದು ಬರುತ್ತದೆ. ಇಲ್ಲಿ ಬಟ್ಟಲಿಗೆ ಸ್ಪಿರಿಟ್ ಬೀಳುವುದು ಒತ್ತಡದಲ್ಲಿರುವ ಅದೇ ಟ್ಯಾಂಕಿನಿಂದ, ಅದೇ ವಾಲ್ವ್ ತಿರುಗಿಸಿದಾಗ. ವಾಲ್ವ್ ಅರ್ಧ ಸುತ್ತು ಹೆಚ್ಚಾದರೆ, ಎರಡು ಕ್ಷಣ ತಡವಾದರೆ, ಬಟ್ಟಲು ತುಂಬಿ ಕೆಳಗಿನ ತಟ್ಟೆಗೆ ಇಳಿಯುತ್ತದೆ.

ನಡೆದದ್ದು

ಲಂಗರು ಹಾಕಿದ ದೋಣಿಯ ಮೂತಿ ಸಾಮಾನ್ಯವಾಗಿ ಗಾಳಿಗೆ ಎದುರು ನಿಲ್ಲುತ್ತದೆ. ರಾತ್ರಿಯ ತೇವ ಹೋಗಲೆಂದು ಮುಂದಿನ ಕಿಂಡಿಯನ್ನು ತೆರೆದಿದ್ದರು. ಗಾಳಿ ಅಲ್ಲಿಂದ ನುಗ್ಗಿ, ಕ್ಯಾಬಿನ್ ಉದ್ದಕ್ಕೂ ಹರಿದು, ಹಿಂದಿನ ಮೆಟ್ಟಿಲ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಬಟ್ಟಲಿನ ಉರಿ ಆ ಗಾಳಿಗೆ ಒಂದು ಪಕ್ಕಕ್ಕೆ ವಾಲಿ ಉರಿಯಿತು. ಬರ್ನರ್‌ನ ಒಂದು ಮಗ್ಗುಲು ಕಾಯಿತು, ಇನ್ನೊಂದು ತಣ್ಣಗೇ ಉಳಿಯಿತು. 8 ಡಿಗ್ರಿಯಲ್ಲಿದ್ದ ಹಿತ್ತಾಳೆಗೆ ಒಂದು ಚಮಚದ ಶಾಖ ಹೇಗೂ ಸಾಲದು.

ಆತ ವಾಲ್ವ್ ತೆರೆದು ಕಡ್ಡಿ ಗೀರಿದಾಗ ನೀಲಿ ಉರಿಯ ಬದಲು ಒಂದಡಿಗೂ ಮಿಕ್ಕಿದ ಹಳದಿ ಜ್ವಾಲೆ ಎದ್ದಿತು. ವಾಲ್ವ್ ಮುಚ್ಚಿದ. ಜ್ವಾಲೆ ಇಳಿಯಿತು. ಇಲ್ಲಿಯವರೆಗೆ ಅಪಾಯವೇನೂ ಇಲ್ಲ. ಇಂಥ ಒಲೆ ಇಟ್ಟುಕೊಂಡವರು ಇದನ್ನು ಎಷ್ಟೋ ಸಲ ನೋಡಿರುತ್ತಾರೆ.

"ಏನ್ರೀ, ಆರಿತಾ?"

"ಆರಿತು ಕಣೆ, ಇನ್ನೊಂದ್ಸಲ ಕಾಯಿಸ್ತೀನಿ."

ಆರಿರಲಿಲ್ಲ. ಪೂರ್ವದ ಕಿಟಕಿಯಿಂದ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತಿತ್ತು, ಬಟ್ಟಲಿನ ತಳದಲ್ಲಿ ಉಳಿದ ಸ್ಪಿರಿಟ್ ಕಣ್ಣಿಗೆ ಕಾಣದಂತೆ ಉರಿಯುತ್ತಿತ್ತು. ಎರಡನೆಯ ಬಾರಿ ಕಾಯಿಸಲು ವಾಲ್ವ್ ತೆರೆದಾಗ ಸ್ಪಿರಿಟ್ ಬಿದ್ದದ್ದು ಉರಿಯುವ ಬಟ್ಟಲಿಗೆ. ಬೆಚ್ಚಿದ ಕೈ ವಾಲ್ವನ್ನು ಮುಚ್ಚುವ ಬದಲು ಇನ್ನಷ್ಟು ತೆರೆಯಿತು. ಬಟ್ಟಲು ತುಂಬಿ, ತಟ್ಟೆಗೆ ಹರಿದು, ತಟ್ಟೆಯಿಡೀ ಹೊತ್ತಿಕೊಂಡಿತು.

ಆಕೆ ಕೆಟಲ್‌ನಲ್ಲಿದ್ದ ಅರ್ಧ ಲೀಟರ್ ನೀರನ್ನು ಸುರಿದಳು. ಸ್ಪಿರಿಟ್ ನೀರಿನಲ್ಲಿ ಬೆರೆಯುತ್ತದೆ, ಆದ್ದರಿಂದ ನೀರು ಹಾಕಿದರೆ ಆರುತ್ತದೆ ಎಂಬುದು ಈ ಒಲೆ ಮಾರುವಾಗ ಹೇಳುತ್ತಿದ್ದ ಮೊದಲ ಮಾತು. ಮಾತು ಸುಳ್ಳಲ್ಲ, ಅರ್ಧ ನಿಜ. ಸ್ಪಿರಿಟ್ ಪ್ರಮಾಣ ಐದರಲ್ಲಿ ಒಂದು ಪಾಲಿಗೆ ಇಳಿದ ಮಿಶ್ರಣ ಕೂಡ ಸುಮಾರು 36 ಡಿಗ್ರಿ ದಾಟಿದರೆ ಹೊತ್ತಿಕೊಳ್ಳಬಲ್ಲದು, ಕಾದ ತಟ್ಟೆ ಅದಕ್ಕಿಂತ ಎಷ್ಟೋ ಬಿಸಿ. ಅದಕ್ಕೂ ಮೊದಲಿನ ಮಾತೆಂದರೆ, ರಭಸದಿಂದ ಸುರಿದ ನೀರು ಬೆರೆಯುವುದಕ್ಕಿಂತ ಮುಂಚೆ ತಳ್ಳುತ್ತದೆ. ಉರಿಯುತ್ತಿದ್ದ ದ್ರವ ತಟ್ಟೆಯ ಮೂಲೆಗೆ ಸರಿದು, ಇಂಧನದ ಕೊಳವೆ ಹಾದುಹೋಗಲು ಕೊರೆದ ತೂತಿನಿಂದ ಕಟ್ಟೆಯ ಕೆಳಗಿನ ಕಪಾಟಿಗೆ ಇಳಿಯಿತು. ಮೇಲಿನ ಪರದೆಯ ತುದಿಗೂ ಕಿಡಿ ತಗುಲಿತು.

ಬೆಂಕಿ ಆರಿಸುವ ಸಿಲಿಂಡರ್ ಇತ್ತು, ಒಲೆಯ ಹಿಂದಿನ ಗೋಡೆಯಲ್ಲಿ. ಅದನ್ನು ತೆಗೆಯಬೇಕಾದರೆ ಬೆಂಕಿಯ ಮೇಲಿಂದ ಕೈ ಚಾಚಬೇಕು. ಕೊನೆಗೆ ಕೆಲಸಕ್ಕೆ ಬಂದದ್ದು ಒದ್ದೆ ಮಾಡಿ ಹಿಂಡಿದ ದಪ್ಪ ಟವೆಲ್ ಒಲೆಯ ಮೇಲೆ, ಬಕೆಟ್‌ನಿಂದ ಎರಡು-ಮೂರು ಲೀಟರ್ ನೀರು ಕಪಾಟಿನ ಒಳಗೆ. ಹಾನಿ ಕಡಿಮೆಯೇ: ಸುಟ್ಟ ಪರದೆ, ಗುಳ್ಳೆ ಎದ್ದ ವಾರ್ನಿಷ್, ಆತನ ಮುಂಗೈ ಮೇಲೆ ಕೆಂಪು. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿದದ್ದು ಸರಿಯಾದ ಕ್ರಮ, ಟೂತ್‌ಪೇಸ್ಟ್ ಹಚ್ಚಲಿಲ್ಲ.

ಬಿಚ್ಚಿ ನೋಡಿದಾಗ

ಒಲೆ ತಣಿದ ಮೇಲೆ, ಟ್ಯಾಂಕಿನ ಮುಚ್ಚಳವನ್ನು ನಿಧಾನ ಸಡಿಲಿಸಿ ಒತ್ತಡ ಇಳಿಸಿ, ಬಿಡಿಭಾಗಗಳನ್ನು ನೋಡಿದರೆ ಗಾಳಿಯೊಂದೇ ಅಪರಾಧಿಯಲ್ಲ ಎಂದು ತಿಳಿಯುತ್ತದೆ. ವಾಲ್ವ್ ಕಡ್ಡಿಯ ಸುತ್ತ ಇರುವ ಗ್ರಾಫೈಟ್ ಪ್ಯಾಕಿಂಗ್ ಒಣಗಿ ಕುಗ್ಗಿತ್ತು. ವಾಲ್ವ್ ಮುಚ್ಚಿದ್ದರೂ ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ಪಂಪಿನ ತೊಗಲು ವಾಷರ್ ಗಟ್ಟಿಯಾಗಿತ್ತು, ಅಂದರೆ ಎಷ್ಟು ಪಂಪು ಹೊಡೆದರೆ ಎಷ್ಟು ಒತ್ತಡ ಎಂಬ ಅಂದಾಜೇ ಸಿಗದು. ಸೂಜಿರಂಧ್ರದಲ್ಲಿ ಕಸ, ಪಿನ್ ಹಾಕದೆ ಎರಡು ಸೀಸನ್ ಕಳೆದಂತಿತ್ತು.

ಇವೆಲ್ಲ ರಿಪೇರಿಯಾಗುವಂಥವೇ. ಪ್ಯಾಕಿಂಗ್ ಬದಲಿಸಬಹುದು, ವಾಷರನ್ನು ಎಣ್ಣೆಯಲ್ಲಿ ನೆನೆಸಬಹುದು. ದಶಕಗಳ ಕಾಲ ಇಂಥ ಒಲೆಯನ್ನು ಒಂದು ಕೂದಲೂ ಸುಡದೆ ಬಳಸಿದವರಿದ್ದಾರೆ. ಆದರೂ ನಮ್ಮ ತೀರ್ಪು ಸ್ಪಷ್ಟ: ರಿಪೇರಿ ಮಾಡಬೇಡಿ, ತೆಗೆದುಹಾಕಿ. ಹೊಸ ವಾಷರ್ ಹಾಕಿದರೂ ಪ್ರತಿ ಚಹಾಕ್ಕೂ ಒಮ್ಮೆ, ನಿದ್ದೆಗಣ್ಣಿನಲ್ಲಿ, ಅಲುಗಾಡುವ ಕಟ್ಟೆಯ ಮೇಲೆ, ದ್ರವ ಸ್ಪಿರಿಟ್ಟಿಗೆ ಬೆಂಕಿ ಇಡುವ ಕೆಲಸ ಹಾಗೇ ಉಳಿಯುತ್ತದೆ.

ಬದಲಿಗೆ ಏನು?

ಗ್ಯಾಸ್ ಮೊದಲು ನೆನಪಾಗುವುದು ಸಹಜ. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ದೋಣಿಯ ತಳದಲ್ಲಿ ನಿಲ್ಲುತ್ತದೆ, ಎಂಜಿನ್ ಸ್ಟಾರ್ಟ್ ಮಾಡುವಾಗಿನ ಒಂದು ಕಿಡಿ ಸಾಕು. ಅದಕ್ಕಾಗಿ ಸಿಲಿಂಡರ್ ಇಡಲು ಕ್ಯಾಬಿನ್‌ಗೆ ಸಂಪರ್ಕವೇ ಇಲ್ಲದ, ತಳದಿಂದ ಹೊರಕ್ಕೆ ಗಾಳಿದಾರಿ ಇರುವ ಪ್ರತ್ಯೇಕ ಪೆಟ್ಟಿಗೆ, ಸ್ವಿಚ್ಚಿನಿಂದ ಗ್ಯಾಸ್ ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್, ಸೋರಿಕೆ ನೋಡಲು ಪ್ರೆಷರ್ ಗೇಜ್ ಬೇಕು. ಈ ಅಳತೆಯ ಹಳೆಯ ದೋಣಿಯಲ್ಲಿ ಅದಕ್ಕೆ ಜಾಗ ಹುಡುಕುವುದೇ ಕಷ್ಟ, ಖರ್ಚು ಒಲೆಯ ಬೆಲೆಯ ಹಲವು ಪಟ್ಟು.

ಉಳಿದದ್ದು ಒತ್ತಡವಿಲ್ಲದ ಸ್ಪಿರಿಟ್ ಒಲೆ. ಸ್ವೀಡನ್ನಿನ ಒರಿಗೋ ಇದರ ಹೆಸರಾಂತ ಮಾದರಿ. ತಯಾರಿಕೆ ನಿಂತಿದ್ದರೂ ಹಳೆಯವು ಚೆನ್ನಾಗಿ ಓಡುತ್ತಿವೆ, ಅದೇ ತತ್ವದ ಹೊಸವೂ ಸಿಗುತ್ತವೆ. ಪ್ರತಿ ಬರ್ನರ್ ಕೆಳಗೆ 1.2 ಲೀಟರ್ ಹಿಡಿಸುವ ಸ್ಟೀಲ್ ಡಬ್ಬಿ, ಒಳಗೆ ಬೆಂಕಿ ಹಿಡಿಯದ ನಾರಿನ ತುಂಬು, ಬಾಯಿಗೆ ಜಾಲರಿ. ಸ್ಪಿರಿಟ್ ನಾರಿನಲ್ಲಿ ಹೀರಿಕೊಂಡಿರುತ್ತದೆ; ಡಬ್ಬಿ ಬೋರಲು ಹಾಕಿದರೂ ಚೆಲ್ಲದು. ಉರಿಯುವುದು ಜಾಲರಿಯಿಂದ ಏಳುವ ಆವಿ ಮಾತ್ರ. ಗುಂಡಿ ತಿರುಗಿಸಿದರೆ ಒಂದು ತಟ್ಟೆ ಜಾಲರಿಯ ಮೇಲೆ ಸರಿದು ಉರಿ ಕಿರಿದಾಗುತ್ತದೆ, ಪೂರ್ತಿ ಮುಚ್ಚಿದರೆ ಆರುತ್ತದೆ. ಪಂಪಿಲ್ಲ, ಕೊಳವೆಯಿಲ್ಲ, ವಾಷರಿಲ್ಲ.

ಹಳೆಯ ಟ್ಯಾಂಕು, ಕೊಳವೆ ಎರಡನ್ನೂ ಕಿತ್ತು, ಕಟ್ಟೆಯ ತೂತು ಮುಚ್ಚಿ, ಹೊಸ ಒಲೆಯನ್ನು ಸ್ಕ್ರೂ ಹಾಕಿ ಬಿಗಿದರು. ಪರದೆ ಮತ್ತೆ ಕಟ್ಟಲಿಲ್ಲ. ದೋಣಿ ವಾಲಿದರೂ ಒಲೆಯನ್ನು ಸಮತಟ್ಟಾಗಿ ಇಡುವ ತೂಗುಚೌಕಟ್ಟು ಇಲ್ಲದ ಕಾರಣ ಲಂಗರು ಹಾಕಿದಾಗ ಮಾತ್ರ ಅಡುಗೆ, ಆಗಲೂ ಪಾತ್ರೆ ಜಾರದ ಹಾಗೆ ಹಿಡಿಕೆಗಳನ್ನು ಬಿಗಿದೇ.

ಹೊಸ ಒಲೆಯ ಅಪಾಯ ತುಂಬುವಾಗ

ಹಚ್ಚುವಾಗಿನ ಕಂಟಕ ಕಳೆಯಿತು. ತುಂಬುವಾಗಿನದು ಉಳಿಯಿತು. ಸ್ಪಿರಿಟ್ ಸೌಮ್ಯ ಇಂಧನ ಎಂಬ ಖ್ಯಾತಿಯನ್ನು ಇಲ್ಲಿ ಪಕ್ಕಕ್ಕಿಡಬೇಕು. ಸ್ಪಿರಿಟ್ಟಿನ ಮುಖ್ಯ ಅಂಶವಾದ ಎಥನಾಲ್‌ನ ಆವಿ ಕಿಡಿಗೆ ಹೊತ್ತಿಕೊಳ್ಳಲು 13ರಿಂದ 17 ಡಿಗ್ರಿ ಸಾಕು. ಸೀಮೆಎಣ್ಣೆಗೆ 38 ಡಿಗ್ರಿಯಾದರೂ ಬೇಕು. ಬೇಸಿಗೆಯ ಕ್ಯಾಬಿನ್‌ನಲ್ಲಿ ಚೆಲ್ಲಿದ ಸ್ಪಿರಿಟ್ ಬೆಂಕಿಗೆ ಸಿದ್ಧವಾಗಿಯೇ ಕೂತಿರುತ್ತದೆ. ಅದರ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ ಎಂಬುದನ್ನು ಗ್ಯಾಸನ್ನು ಬೈಯುವವರು ಮರೆಯುತ್ತಾರೆ.

ಕ್ರಮ ಹೀಗೆ. ಎರಡೂ ಬರ್ನರ್ ಆರಿರಬೇಕು, ಒಂದು ಉರಿಯುತ್ತಿರುವಾಗ ಇನ್ನೊಂದನ್ನು ತುಂಬುವುದಿಲ್ಲ. ಆರಿದೆಯೇ ಎಂದು ಬಿಸಿಲಿನಲ್ಲಿ ಕಣ್ಣು ಹೇಳದು. ಗೀರದ ಬೆಂಕಿಕಡ್ಡಿಯ ತುದಿಯನ್ನು ಮೇಲೆ ಹಿಡಿದರೆ ಹೇಳುತ್ತದೆ. ಡಬ್ಬಿಯನ್ನು ಬರಿಗೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ, ಕನಿಷ್ಠ 20 ನಿಮಿಷ ಬಿಡಬೇಕು. ಮೇಲಿನ ತಟ್ಟೆ ಎತ್ತಿ, ಡಬ್ಬಿ ಹೊರತೆಗೆದು, ಕ್ಯಾಬಿನ್‌ನಿಂದ ಹೊರಗೆ ಕಾಕ್‌ಪಿಟ್‌ಗೆ, ಅಂದರೆ ದೋಣಿ ನಡೆಸುವವರು ಕೂರುವ ತೆರೆದ ಜಾಗಕ್ಕೆ, ಒಯ್ಯಬೇಕು. ಸ್ವಲ್ಪ ಓರೆ ಹಿಡಿದು, ಸಣ್ಣ ಬಾಟಲಿಯಿಂದ ನಿಧಾನ ಸುರಿಯಬೇಕು. ಜಾಲರಿಯ ತಗ್ಗಿನ ಅಂಚಿನಲ್ಲಿ ದ್ರವ ಮಿನುಗಿದರೆ ಸಾಕು. ಆಮೇಲೆ ಬೋರಲು ಹಿಡಿದು ನೋಡುವುದು. ಒಂದು ಹನಿ ಬಿದ್ದರೂ ಹೆಚ್ಚಾಗಿದೆ ಎಂದರ್ಥ, ಅದನ್ನು ಬಸಿಯಲು ಬಿಡಬೇಕು. ಹೆಚ್ಚು ತುಂಬಿದ ಡಬ್ಬಿ ಪಕ್ಕದಲ್ಲಿ ಮೋಟಾರುದೋಣಿ ಹಾದು ಅಲೆ ಎದ್ದಾಗ ಜಾಲರಿಯ ಹೊರಗೆ ಉರಿಯತೊಡಗುತ್ತದೆ.

ಸಣ್ಣ ಬಾಟಲಿ ಎಂದದ್ದಕ್ಕೆ ಕಾರಣವಿದೆ. ಅರ್ಧ ಖಾಲಿಯಾದ ಐದು ಲೀಟರ್ ಕ್ಯಾನಿನೊಳಗೆ ಆವಿ ಮತ್ತು ಗಾಳಿ ಬೆರೆತು ನಿಂತಿರುತ್ತವೆ. ಕಾಣದ ಉರಿಯ ಮೇಲೆ ಅದನ್ನು ಬಗ್ಗಿಸಿದರೆ ಬೆಂಕಿ ಕ್ಯಾನಿನ ಒಳಗೆ ಹೊಕ್ಕು, ಬಾಯಿಯಿಂದ ಪಿಚಕಾರಿಯಂತೆ ಎದುರಿದ್ದವರ ಮೇಲೆ ಹೊಮ್ಮುತ್ತದೆ. ದಡದ ಮೇಲಿನ ಸ್ಪಿರಿಟ್ ಒಲೆಗಳಲ್ಲೂ ಮೈ ಸುಡುವ ಅಪಘಾತಗಳು ಆಗುವುದು ಹೀಗೇ.

ಡಬ್ಬಿಯ ಬಾಯಿಗೆ ಮುಚ್ಚುವ ರಬ್ಬರ್ ಬಿಲ್ಲೆ ಇನ್ನೊಂದು ಕಿರಿಕಿರಿ. ಒಲೆ ತಣಿದ ಮೇಲೆ ಅದನ್ನು ಇಡಬೇಕು, ಇಲ್ಲದಿದ್ದರೆ ಮುಂದಿನ ವಾರ ಬರುವಷ್ಟರಲ್ಲಿ ಸ್ಪಿರಿಟ್ ಬಹುಪಾಲು ಆವಿಯಾಗಿ ಕ್ಯಾಬಿನ್ ನಾರುತ್ತಿರುತ್ತದೆ. ಬಿಸಿ ಇರುವಾಗಲೇ ಇಟ್ಟರೆ ರಬ್ಬರ್ ಹಾಳು. ತೆಗೆಯುವುದನ್ನು ಮರೆತು ಹಚ್ಚಲು ಹೋದರೆ ಸುಟ್ಟ ಟೈರಿನ ವಾಸನೆ. ಬಿಲ್ಲೆಗೆ ಕೆಂಪು ದಾರ ಕಟ್ಟಿ, ದಾರದ ತುದಿ ಒಲೆಯ ಹೊರಗೆ ಕಾಣುವಂತೆ ಬಿಡುವುದು ಸುಲಭದ ಉಪಾಯ. ದಾರ ಕಂಡರೆ ಕಡ್ಡಿ ಗೀರಬಾರದು.

ಯಾವ ಸ್ಪಿರಿಟ್?

ಅಮೆರಿಕದ ಹಾರ್ಡ್‌ವೇರ್ ಅಂಗಡಿಯ 'ಡಿನೇಚರ್ಡ್ ಆಲ್ಕೋಹಾಲ್' (ಕುಡಿಯಲಾಗದಂತೆ ಬೇರೆ ವಸ್ತು ಬೆರೆಸಿದ ಸ್ಪಿರಿಟ್) ಡಬ್ಬಿಯ ಮೇಲಿನ ಹೆಸರು ನೋಡಿ ಕೊಳ್ಳುವುದು ತಪ್ಪು. ಕೆಲವದರಲ್ಲಿ ಅರ್ಧದಷ್ಟು ಮೆಥನಾಲ್ ಇರುತ್ತದೆ. ತಯಾರಕರ ಸುರಕ್ಷತಾ ಮಾಹಿತಿ ಹಾಳೆಯಲ್ಲಿ ಶೇಕಡಾವಾರು ಬರೆದಿರುತ್ತದೆ, ಅದನ್ನು ಓದಬೇಕು. ಮೆಥನಾಲ್ ಉಸಿರಿನಿಂದಲೂ ಚರ್ಮದಿಂದಲೂ ಒಳಸೇರುವ ವಿಷ, ಅದರ ಉರಿ ಕಣ್ಣಿಗೆ ಇನ್ನೂ ಕಾಣದು. ಮೇಲಾಗಿ ಶಾಖವೂ ಕಡಿಮೆ: ಲೀಟರಿಗೆ ಎಥನಾಲ್ ಸುಮಾರು 21 ಮೆಗಾಜೂಲ್ ಕೊಟ್ಟರೆ ಮೆಥನಾಲ್ 16. ಎಥನಾಲ್ ಶೇ. 90ಕ್ಕಿಂತ ಹೆಚ್ಚಿರುವ ಒಲೆ ಇಂಧನ ದುಬಾರಿಯಾದರೂ ಅದೇ ಸರಿ. ಮೆಡಿಕಲ್ ಅಂಗಡಿಯ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಡ; ಪಾತ್ರೆ ಮಸಿ, ನಾರಿನ ತುಂಬ ನೀರು.

ಆ ನೀರಿನದೇ ಒಂದು ಕಥೆ. ಎಥನಾಲ್ 78 ಡಿಗ್ರಿಯಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಹೀಗಾಗಿ ನೀರು ಬೆರೆತ ಸ್ಪಿರಿಟ್ಟಿನಲ್ಲಿ ಮೊದಲು ಹೋಗುವುದು ಸ್ಪಿರಿಟ್, ನಾರಿನಲ್ಲಿ ತಂಗುವುದು ನೀರು. ಸಲಸಲಕ್ಕೂ ತುಂಬುತ್ತಾ ಹೋದರೆ ತಿಂಗಳುಗಳಲ್ಲಿ ಡಬ್ಬಿ ತೂಕವಾಗಿದ್ದರೂ ಉರಿ ಬಡವಾಗುತ್ತದೆ. ಒಲೆ ಕೆಟ್ಟಿದೆ ಎಂದು ಮಾರುವವರೂ ಇದ್ದಾರೆ. ಡಬ್ಬಿಯನ್ನು ದಡಕ್ಕೆ ತಂದು, ಬಾಯಿ ತೆರೆದು, ಬೆಂಕಿ-ಬೀಡಿಯಿಂದ ದೂರ, ಬಿಸಿಲಲ್ಲಿ ಕೆಲವು ದಿನ ಒಣಗಿಸಿದರೆ ಮೊದಲಿನಂತಾಗುತ್ತದೆ.

ಅನ್ನ-ಸಾರಿನ ಲೆಕ್ಕ

ತುಂಬಿದ ಡಬ್ಬಿ ದೊಡ್ಡ ಉರಿಯಲ್ಲಿ ನಾಲ್ಕೂವರೆ ಗಂಟೆ ಬರುತ್ತದೆ ಎಂದಿಟ್ಟುಕೊಂಡರೆ ಬರ್ನರ್‌ನ ಶಕ್ತಿ ಸುಮಾರು 1.5 ಕಿಲೋವ್ಯಾಟ್. ಮನೆಯ ಗ್ಯಾಸಿನ ದೊಡ್ಡ ಬರ್ನರ್‌ನ ಅರ್ಧ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಸಲು 335 ಕಿಲೋಜೂಲ್ ಬೇಕು. ಶಾಖದ ಅರ್ಧ ಗಾಳಿಗೆ ಹೋಗುತ್ತದೆಂದರೆ 32 ಮಿ.ಲೀ. ಎಥನಾಲ್, ಎಂಟು ನಿಮಿಷದ ಸುಮಾರು. ಬಾಗಿಲಿನ ಗಾಳಿ ಉರಿಯನ್ನು ಓಲಾಡಿಸುತ್ತಿದ್ದರೆ ಹತ್ತು ದಾಟುತ್ತದೆ.

ಹಾಗಾಗಿ ಈ ಒಲೆಗೆ ಪ್ರೆಷರ್ ಕುಕ್ಕರ್ ಹೇಳಿ ಮಾಡಿಸಿದ ಜೋಡಿ. 3 ಲೀಟರ್ ಕುಕ್ಕರ್, ಎರಡು ಡಬ್ಬ: ಒಂದರಲ್ಲಿ 200 ಗ್ರಾಂ ಅಕ್ಕಿಗೆ 400 ಮಿ.ಲೀ. ನೀರು, ಇನ್ನೊಂದರಲ್ಲಿ ಅರ್ಧ ಗಂಟೆ ನೆನೆಸಿದ 100 ಗ್ರಾಂ ತೊಗರಿಬೇಳೆ. ಮೊದಲ ಸೀಟಿಗೆ 12ರಿಂದ 14 ನಿಮಿಷ. ಗ್ಯಾಸಿಗೆ ಒಗ್ಗಿದವರು ಈ ಹೊತ್ತಿಗೆ ಒಲೆಯನ್ನು ಬೈಯಲು ಶುರುಮಾಡುತ್ತಾರೆ. ಆಮೇಲೆ ಗುಂಡಿ ತಗ್ಗಿಸಿ ಎಂಟು ನಿಮಿಷ, ಆರಿಸಿ ಹತ್ತು ನಿಮಿಷ ಹಾಗೇ. ಒಟ್ಟು ಖರ್ಚು 65ರಿಂದ 75 ಮಿ.ಲೀ. ಮುಚ್ಚಿದ ಪಾತ್ರೆಯಾದ್ದರಿಂದ ದೋಣಿ ಅಲುಗಿದರೂ ಬಿಸಿನೀರು ಮೈಮೇಲೆ ಬೀಳದು. ನಮಗೆ ಇಂಧನದ ಉಳಿತಾಯಕ್ಕಿಂತ ಇದೇ ಹೆಚ್ಚು. ಇಬ್ಬರಿಗೆ ಎರಡು ಹೊತ್ತಿನ ಊಟ, ಎರಡು ಸಲ ಚಹಾ, ಒಂದು ಉಪ್ಪಿಟ್ಟು ಎಂದರೆ ದಿನಕ್ಕೆ ಕಾಲು ಲೀಟರ್ ಹಿಡಿಯಬಹುದು. ವಾರಕ್ಕೆ ಎರಡು ಡಬ್ಬಿಯ ತುಂಬು ಸಾಕು, ನಡುವೆ ನೀರಿನ ಮೇಲೆ ತುಂಬುವ ಪ್ರಸಂಗವೇ ಬರುವುದಿಲ್ಲ.

ಒಗ್ಗರಣೆ ಸೌಟು ಈ ಒಲೆಯ ಕಂಬಿಗಳ ಮೇಲೆ ನಿಲ್ಲದು. ಚಿಕ್ಕ ಚಪ್ಪಟೆ ಬಾಣಲೆಯಲ್ಲಿ ಮಾಡಿ; ಎಣ್ಣೆ ಜಾಲರಿಗೆ ಸಿಡಿದರೆ ಉರಿ ಹೊಗೆಯಾಡುತ್ತದೆ. ಒಣಮೆಣಸಿನಕಾಯಿಯ ಘಾಟು ಆರಡಿ ಎತ್ತರದ ಕ್ಯಾಬಿನ್‌ನಲ್ಲಿ ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಪುಲ್ಕವನ್ನು ನೇರ ಉರಿಗೆ ಹಿಡಿಯಬಾರದು, ಸ್ಪಿರಿಟ್ಟಿಗೆ ಬೆರೆಸಿದ ವಸ್ತುಗಳು ಏನೇನೋ ಇರುತ್ತವೆ.

ಒಂದು ಲೀಟರ್ ಎಥನಾಲ್ ಉರಿದರೆ ಸುಮಾರು 0.9 ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ, ಸರಿಸುಮಾರು ಆರು ಘನಮೀಟರ್ ಗಾಳಿಯ ಆಮ್ಲಜನಕ ಮುಗಿಯುತ್ತದೆ. ಚಳಿಗೆ ಕಿಟಕಿ ಮುಚ್ಚಿ ಅಡುಗೆ ಮಾಡಿದರೆ ಬೆಳಿಗ್ಗೆ ಹಾಸಿಗೆ ಒದ್ದೆ. ಅದಕ್ಕಿಂತ ಕೆಟ್ಟದ್ದು ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್. ಅಗಲ ಪಾತ್ರೆಯ ತಣ್ಣನೆ ತಳ ಉರಿಯನ್ನು ಅದುಮಿದಾಗ ಅದು ಹೆಚ್ಚು. ಎರಡು ಕಡೆ ಗಾಳಿದಾರಿ ಬೇಕು, ಆದರೆ ಒಲೆಯ ಮೇಲೆ ಬೀಸದಂತೆ: ಮುಂದಿನ ಕಿಂಡಿ ಎರಡು ಬೆರಳು, ಹಿಂದಿನ ಬಾಗಿಲು ಪೂರ್ತಿ. ಮಲಗುವ ಜಾಗದಲ್ಲಿ ಮಾನಾಕ್ಸೈಡ್ ಅಲಾರಂ. ಕ್ಯಾಬಿನ್ ಬೆಚ್ಚಗಿಡಲು ಈ ಒಲೆ ಹಚ್ಚಬಾರದು.

ಬೆಂಕಿ ಆರಿಸುವ ಸಿಲಿಂಡರ್‌ನ ವಿಷಯ. 26 ಅಡಿಯಿಂದ 40 ಅಡಿಯೊಳಗಿನ ಮೋಟಾರುಳ್ಳ ದೋಣಿಗೆ ಅಮೆರಿಕದ ಕೋಸ್ಟ್ ಗಾರ್ಡ್ ಕೇಳುವುದು 5-ಬಿ ದರ್ಜೆಯ (ಬಿ ಎಂದರೆ ದ್ರವ ಇಂಧನದ ಬೆಂಕಿಗೆ) ಎರಡು. ಈ ದೋಣಿ 26 ಅಡಿಯನ್ನು ಹತ್ತು ಇಂಚಿನಿಂದ ದಾಟಿದ್ದಕ್ಕೆ ಒಂದರ ಬದಲು ಎರಡು. 2022ರ ಏಪ್ರಿಲ್‌ನಿಂದ, ಮರುಭರ್ತಿಯಾಗದ ಸಿಲಿಂಡರ್ ತಯಾರಾದ 12 ವರ್ಷಕ್ಕೆ ರದ್ದು. ತಯಾರಿಕೆಯ ವರ್ಷ ಬಾಟಲಿಯ ಮೇಲೆ ಒತ್ತಿರುತ್ತದೆ. ಒಂದನ್ನು ಮೆಟ್ಟಿಲ ಬಾಗಿಲ ಪಕ್ಕ, ಕಾಕ್‌ಪಿಟ್‌ನಿಂದ ಕೈಗೆ ಎಟುಕುವಂತೆ ಹಾಕಿದರು, ಇನ್ನೊಂದನ್ನು ಮುಂದಿನ ಹಾಸಿಗೆಯ ಬಳಿ. ಹಳೆಯ ಸಿಲಿಂಡರ್ ಇದ್ದ ಗೋಡೆಯ ಮೊಳೆಗೆ ಈಗ ಏನನ್ನೂ ನೇತುಹಾಕುವುದಿಲ್ಲ. ಬೆಂಕಿ ಮುಚ್ಚುವ ಫೈಬರ್‌ಗ್ಲಾಸ್ ಹೊದಿಕೆಯನ್ನು ಒಲೆಯ ಎದುರಿನ ಬದಿಯಲ್ಲಿಟ್ಟಿದ್ದಾರೆ.

ನವೆಂಬರ್‌ನಲ್ಲಿ ದೋಣಿ ದಡಕ್ಕೆ ಏರುವಾಗ ಡಬ್ಬಿಗಳನ್ನು ಒಣಗಿಸಿ, ಬಿಲ್ಲೆ ಮುಚ್ಚಿ ಮನೆಗೆ ಒಯ್ಯುತ್ತಾರೆ. ಉಳಿದ ಸ್ಪಿರಿಟ್ ಗ್ಯಾರೇಜಿನಲ್ಲಿ ಬಿಗಿ ಮುಚ್ಚಳದ ಲೋಹದ ಕ್ಯಾನಿನಲ್ಲಿ, ವಾಟರ್ ಹೀಟರ್‌ನಿಂದ ದೂರ. ಹಳೆಯ ಟ್ಯಾಂಕಿನಿಂದ ಬಸಿದದ್ದು ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಹೋಯಿತು. ಹಳೆಯ ಒಲೆಯ ಹಿತ್ತಾಳೆ ಬರ್ನರ್‌ಗಳನ್ನು ಬಿಡಿಭಾಗವೆಂದು ಕೇಳಿಕೊಂಡು ಬಂದವರಿಗೆ ಕೊಡಲಿಲ್ಲ, ಗುಜರಿಗೆ ಹಾಕಿದರು.